ನಾಕ್ಸ್‌ನ ಸಿಲೋನ್ ಚಿತ್ರಗಳನ್ನು ನಾನು ಅಚ್ಚಿಗೆ ತಂದ ಬಗೆ

ದ್ವೀಪಗಳ ಹಳೆಯ ಪ್ರವಾಸಕಥನಗಳಲ್ಲಿ ಚಿತ್ರವೆಂಬುದು ಬರಿಯ ಅಲಂಕಾರ, ಕನ್ನಡಕ್ಕೆ ತರುವಾಗ ಕೈಬಿಟ್ಟರೆ ಖರ್ಚಾದರೂ ಉಳಿದೀತು ಎಂದ ಗೆಳೆಯರ ಮಾತು ಕೇಳಿದ್ದರೆ, ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್ ಕುರಿತ ನನ್ನ ಕಿರುಪುಸ್ತಕ ಎರಡನೆಯ ಮುದ್ರಣ ಕಾಣುತ್ತಿರಲಿಲ್ಲ. ಸಿಲೋನಿನ (ಇಂದಿನ ಶ್ರೀಲಂಕಾದ) ಒಳನಾಡಿನಲ್ಲಿ ಸುಮಾರು 19 ವರ್ಷ ಸೆರೆಯಲ್ಲಿದ್ದು, 1679ರಲ್ಲಿ ತಪ್ಪಿಸಿಕೊಂಡು, 1681ರಲ್ಲಿ ಲಂಡನ್ನಿನಲ್ಲಿ ತನ್ನ ಕಥನವನ್ನು ಅಚ್ಚು ಹಾಕಿಸಿದವನು ಆತ. ಚಿತ್ರವನ್ನೂ ಅದಕ್ಕೆ ಸಂಬಂಧಿಸಿದ ಅವನ ವಾಕ್ಯವನ್ನೂ ಎದುರುಬದುರು ಪುಟಗಳಲ್ಲಿ ಕೂರಿಸಬೇಕೆಂಬುದು ನನ್ನ ಹಠವಾಗಿತ್ತು.

ಮೊದಲ ಸಲ ಸೋತೆ. ಗೆರೆಗಳಿಂದಲೇ ಮೂಡಿದ ಆ ಕೆತ್ತನೆಯ ಚಿತ್ರಗಳನ್ನು ಫೋಟೊಗಳಂತೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಗ್ರೇಸ್ಕೇಲಿನಲ್ಲಿ, ಅಂದರೆ ಬೂದುಛಾಯೆಗಳಲ್ಲಿ, ಸ್ಕ್ಯಾನ್ ಮಾಡಿಸಿದ್ದರಿಂದ ಮುದ್ರಣದ ಚುಕ್ಕೆಗಳು ಗೆರೆಗಳನ್ನೇ ನುಂಗಿದವು. ಹದಿನೆಂಟು ಸಾವಿರ ರೂಪಾಯಿಯಷ್ಟು ಹಣ ಮಣ್ಣುಪಾಲಾಯಿತು. ಉಳಿದ ಹಾಳೆಗಳು ಮಡಿಕೇರಿಯ ಕಕ್ಕಡ ತಿಂಗಳ ಮಳೆಯಲ್ಲಿ ಶೀತ ಹಿಡಿದು ಮುದುಡಿದವು. ಎರಡನೆಯ ಸಲ 1200 ಡಿಪಿಐಯಲ್ಲಿ, ಬೂದುಬಣ್ಣದ ಗೊಡವೆಯಿಲ್ಲದೆ, ಅಪ್ಪಟ ಕಪ್ಪುಬಿಳುಪಿನಲ್ಲಿ ತೆಗೆಸಿದೆ. ಹಳೆಯ ಕಾಗದದ ಕಲೆಗಳನ್ನು ತೆಗೆದೂ ಕೂದಲೆಳೆಯ ಗೆರೆಗಳನ್ನು ಉಳಿಸಿಕೊಂಡ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಶ್ರೀತಾಳೆ ಎಂಬ ದೊಡ್ಡೆಲೆಯ ತಾಳೆಮರದ ಒಂದೇ ಎಲೆ 15–20 ಜನರನ್ನು ಮಳೆಯಿಂದ ಕಾಯುತ್ತದೆಂದು ನಾಕ್ಸ್ ಬರೆದಾಗ ಲಂಡನ್ನಿನ ಓದುಗ ನಗುವ ಸಂಭವವಿತ್ತು. ಎಲೆ ಹೊತ್ತು ನಡೆಯುವ ಮನುಷ್ಯನ ಚಿತ್ರ ಆ ಮಾತಿಗೆ ಸಾಕ್ಷಿ ನುಡಿಯಿತು. ನಮ್ಮಲ್ಲಿ ಅದರ ಕೆಲಸವೇ ಬೇರೆಯಾಯಿತು. ಎಲೆಗಳಿಂದ ಹೆಣೆದ ಮಳೆಹೊದಿಕೆಯಾದ ಗೊರಬು ಹಾಕಿಕೊಂಡು ನಾಟಿ ಮಾಡಿದ ಹಿರಿಯರು ಆ ಪುಟದಲ್ಲಿ ನಿಂತು, ಗದ್ದೆ ಉಳುವ, ಬತ್ತ ತುಳಿಸುವ ಚಿತ್ರಗಳಲ್ಲಿ ಕೆತ್ತಿದವನ ತಪ್ಪುಗಳನ್ನು ತಾವೇ ಹುಡುಕತೊಡಗಿದರು.

ಇದೇ ಕ್ರಮವನ್ನು ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಎರಡನೆಯ ಯಾನದ ಒಂದು ಚಿತ್ರದ ಮೇಲೂ ಪ್ರಯೋಗಿಸಿದೆ. 1773ರಲ್ಲಿ ಪೆಸಿಫಿಕ್ ಸಾಗರದ ಟೋಂಗಾದ ಎವುವಾ ದ್ವೀಪದಲ್ಲಿ ಇಳಿದ ದೃಶ್ಯವದು. ಹಡಗಿನ ಚಿತ್ರಕಾರ ಹಾಡ್ಜಸ್‌ನ ಹೆಸರಿನಲ್ಲಿ, ಶೆರ್ವಿನ್‌ನ ಕೆತ್ತನೆಯಾಗಿ 1777ರಲ್ಲಿ ಅಚ್ಚಾದಾಗ ದ್ವೀಪವಾಸಿಗಳು ಗ್ರೀಕ್ ಪ್ರತಿಮೆಗಳ ನಿಲುವಂಗಿ ತೊಟ್ಟಿದ್ದರು. ಅದೇ ಯಾನದಲ್ಲಿದ್ದ ಜಾರ್ಜ್ ಫಾರ್ಸ್ಟರ್ ಅದೇ ವರ್ಷ ಇದನ್ನು ಆಕ್ಷೇಪಿಸಿ ಬರೆದ. ಆ ಆಕ್ಷೇಪದ ಸಾರವನ್ನು ಚಿತ್ರದ ಎದುರಿಗೇ ಇಟ್ಟೆ. ನೋಡಿದವರು ಪುಟ ಮಗುಚದೆ ವಾದಕ್ಕಿಳಿದರು.

ಎರಡನೆಯ ಮುದ್ರಣದ 500 ಪ್ರತಿಗಳಿಗೆ ಖರ್ಚು ಮೂವತ್ತು ಸಾವಿರ ರೂಪಾಯಿ ದಾಟಿರಬೇಕು, ನಾನೂರರಷ್ಟು ಪ್ರತಿಗಳು ಮಾರಾಟವಾಗಿವೆ. ಚಿತ್ರ ಬಿಡಿ ಎಂದಿದ್ದ ಗೆಳೆಯರೊಬ್ಬರು ಶ್ರೀತಾಳೆಯ ಚಿತ್ರವನ್ನು ಗೋಡೆಗೆ ಹಾಕಲು ದೊಡ್ಡದಾಗಿ ಅಚ್ಚು ಹಾಕಿಸಿಕೊಡಿ ಎನ್ನುತ್ತಿದ್ದಾರೆ. ದರ ಇನ್ನೂ ಹೇಳಿಲ್ಲ.