ವೆರಿಲಾಗ್, ವಿಎಚ್‌ಡಿಎಲ್, ಡಾಸ್: ಎಲ್ಲೆಡೆ ನಿಲ್ಲುವ ಹೆಸರು ಇಡುವುದು ಹೇಗೆ

ವೆರಿಲಾಗ್, ವಿಎಚ್‌ಡಿಎಲ್ ಎರಡೂ ಡಿಜಿಟಲ್ ಸರ್ಕ್ಯೂಟ್‌ಗಳನ್ನು ಬರೆದು ವಿವರಿಸುವ ಭಾಷೆಗಳು. ವೆರಿಲಾಗ್‌ನಲ್ಲಿ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ವಿಎಚ್‌ಡಿಎಲ್‌ಗೆ ಎರಡೂ ಒಂದೇ. ಏಡಾ ಭಾಷೆಯಿಂದ ಬಂದ ಈ ಗುಣ 1987ರ ಐಇಇಇ 1076 ಮಾನಕದಿಂದಲೂ ಇದೆ. ಒಂದೇ ವಿನ್ಯಾಸ ಎರಡೂ ಭಾಷೆಗಳಲ್ಲಿ, ಲಿನಕ್ಸ್‌ನಲ್ಲೂ ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಯಂತ್ರದಲ್ಲೂ ನಡೆಯಬೇಕೆಂದರೆ ಮೂಲ ನಿಯಮ ಇದು: ಎಲ್ಲ ಹೆಸರುಗಳನ್ನೂ ಚಿಕ್ಕಕ್ಷರಕ್ಕೆ ಇಳಿಸಿದಾಗ ಯಾವ ಎರಡೂ ಒಂದಾಗಬಾರದು.

ಮಾಡ್ಯೂಲ್ (ವಿನ್ಯಾಸದ ಒಂದು ಘಟಕ), ಪೋರ್ಟ್ (ಅದರ ಹೊರ ಸಂಪರ್ಕ), ಸಿಗ್ನಲ್‌ಗಳ ಹೆಸರನ್ನು ಚಿಕ್ಕಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಲ್ಲಷ್ಟೇ ಬರೆಯಿರಿ. ಪ್ಯಾರಾಮೀಟರ್ ದೊಡ್ಡಕ್ಷರದಲ್ಲಿರಬಹುದು. ಆದರೆ ದೊಡ್ಡಕ್ಷರದ 'ವಿಡ್ತ್' ಪ್ಯಾರಾಮೀಟರ್ ಇರುವಲ್ಲಿ ಚಿಕ್ಕಕ್ಷರದ 'ವಿಡ್ತ್' ಸಿಗ್ನಲ್ ಬೇಡ: ವೆರಿಲಾಗ್ ಸುಮ್ಮನಿರುತ್ತದೆ, ವಿಎಚ್‌ಡಿಎಲ್‌ಗೆ ತಂದ ದಿನ ಎರಡೂ ಡಿಕ್ಕಿ ಹೊಡೆಯುತ್ತವೆ. ಹೆಸರಿನ ಆರಂಭದಲ್ಲಿ ಅಥವಾ ಕೊನೆಯಲ್ಲಿ ಅಂಡರ್‌ಸ್ಕೋರ್, ನಡುವೆ ಒಟ್ಟಿಗೆ ಎರಡು ಅಂಡರ್‌ಸ್ಕೋರ್, ಎಲ್ಲಿಯೇ ಆಗಲಿ ಡಾಲರ್ ಚಿಹ್ನೆ, ಇವನ್ನೂ ವಿಎಚ್‌ಡಿಎಲ್ ಒಪ್ಪುವುದಿಲ್ಲ. 'ಇನ್', 'ಔಟ್', 'ಸಿಗ್ನಲ್' ಅಲ್ಲಿ ಕಾಯ್ದಿರಿಸಿದ ಪದಗಳು. ವೆರಿಲಾಗ್ ಪೋರ್ಟ್‌ಗಳಿಗೂ ಆ ಹೆಸರು ಇಡಬೇಡಿ.

ವಿಎಚ್‌ಡಿಎಲ್‌ನಲ್ಲಿ ಒಂದು ವಿನಾಯಿತಿ ಉಂಟು: ಒಂಟಿ ಉದ್ಧರಣ ಚಿಹ್ನೆಯೊಳಗಿನ ಅಕ್ಷರಕ್ಕೆ ಭೇದ ಇದೆ. ಸ್ಟ್ಯಾಂಡರ್ಡ್ ಲಾಜಿಕ್ ಎಂಬ ಸಿಗ್ನಲ್ ಬಗೆಯ ಮೌಲ್ಯಗಳಾದ ಎಕ್ಸ್ (ಏನೆಂದು ತಿಳಿಯದ್ದು), ಯು (ಇನ್ನೂ ಆರಂಭಿಕ ಮೌಲ್ಯ ಕೊಡದ್ದು), ಝಡ್ (ಯಾರೂ ಡ್ರೈವ್ ಮಾಡದ್ದು) ದೊಡ್ಡಕ್ಷರದಲ್ಲೇ ಇರಬೇಕು. ಚಿಕ್ಕದಾಗಿ ಬರೆದರೆ ಕಂಪೈಲ್ ಆಗುವುದಿಲ್ಲ.

ಇದಕ್ಕಿಂತ ಅಪಾಯಕಾರಿ ತಪ್ಪು ವೆರಿಲಾಗ್ ಕಡೆಯದು. 8 ಬಿಟ್ ಬಸ್ (ತಂತಿಗಳ ಗುಂಪು) ಒಂದನ್ನು ಪೋರ್ಟ್‌ಗೆ ಜೋಡಿಸುವಾಗ ಒಂದಕ್ಷರ ದೊಡ್ಡದಾಗಿ ಬಿದ್ದಿತೆನ್ನಿ. ಅಂಥ ಹೆಸರಿಲ್ಲ ಎಂದು ವೆರಿಲಾಗ್ ದೂರುವುದಿಲ್ಲ. 1 ಬಿಟ್‌ನ ಹೊಸ ವೈರ್ ತಾನೇ ಹುಟ್ಟಿಸುತ್ತದೆ. ಅದನ್ನು ಯಾರೂ ಡ್ರೈವ್ ಮಾಡದ, ಅಂದರೆ ಮೌಲ್ಯ ಕೊಡದ, ಕಾರಣ ಇನ್‌ಪುಟ್‌ನಲ್ಲಿ ಝಡ್, ಮುಂದಿನ ಲಾಜಿಕ್‌ನಲ್ಲಿ ಎಕ್ಸ್. ಪ್ರತಿ ಕಡತದ ತಲೆಯಲ್ಲಿ 'ಡಿಫಾಲ್ಟ್ ನೆಟ್‌ಟೈಪ್ ನನ್' ನಿರ್ದೇಶನ ಹಾಕಿದರೆ ಅದೇ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಇನ್‌ಪುಟ್ ಘೋಷಣೆಗಳಲ್ಲಿ 'ವೈರ್' ಪದವನ್ನೂ ಬರೆಯಿರಿ. ಕಡತದ ಕೊನೆಯಲ್ಲಿ ನಿರ್ದೇಶನವನ್ನು ಮತ್ತೆ 'ವೈರ್'ಗೆ ತಿರುಗಿಸಿ. ಇಲ್ಲದಿದ್ದರೆ ಅದು ನಂತರ ಕಂಪೈಲ್ ಆಗುವ ಕಡತಗಳಿಗೂ ಅನ್ವಯಿಸಿ ಬೇರೆಯವರ ಕೋಡ್ ಮುರಿಯುತ್ತದೆ.

ಹೊರಗಿನಿಂದ ಬಂದ ವೆರಿಲಾಗ್ ಕೋರ್‌ನಲ್ಲಿ (ಸಿದ್ಧ ವಿನ್ಯಾಸದಲ್ಲಿ) ಅಕ್ಷರ ಭೇದದಿಂದಷ್ಟೇ ಬೇರೆಯಾದ ಎರಡು ಪೋರ್ಟ್ ಇದ್ದರೆ ಆ ಕೋರ್ ಮುಟ್ಟಬೇಡಿ. ವೆರಿಲಾಗ್‌ನಲ್ಲೇ ಹೊದಿಕೆಯಂಥ ತೆಳುವಾದ ರ‍್ಯಾಪರ್ ಮಾಡ್ಯೂಲ್ ಬರೆದು, ಸ್ಪಷ್ಟವಾಗಿ ಬೇರೆಯಾದ ಹೆಸರುಗಳನ್ನು ಹೊರಗೆ ಕೊಟ್ಟು, ವಿಎಚ್‌ಡಿಎಲ್‌ನಿಂದ ಆ ರ‍್ಯಾಪರನ್ನೇ ಕರೆಯಿರಿ. ವಿಎಚ್‌ಡಿಎಲ್-93ರಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ನಡುವೆ ಬರೆದ ಹೆಸರಿಗೆ ಅಕ್ಷರ ಭೇದ ಇದೆ, ನಿಜ. ಆದರೆ 87ರ ಮಾನಕಕ್ಕೆ ನಿಂತ ಹಳೆಯ ತಂತ್ರಾಂಶಕ್ಕೆ ಅದು ಗೊತ್ತಿಲ್ಲ, ಹಾಗಾಗಿ ರ‍್ಯಾಪರ್ ದಾರಿಯೇ ವಾಸಿ. ಕಾಂಪೊನೆಂಟ್ ಘೋಷಿಸದೆ ನೇರವಾಗಿ ಎಂಟಿಟಿ (ವಿಎಚ್‌ಡಿಎಲ್‌ನ ಮಾಡ್ಯೂಲ್) ಕರೆಯುವ ರೂಢಿಯೂ 93ರದ್ದೇ. ಹಳೆಯ ಯಂತ್ರಕ್ಕೆ ಕಾಂಪೊನೆಂಟ್ ಘೋಷಿಸಿಯೇ ಬಳಸಿ.

ಕಡತದ ಹೆಸರಿನಲ್ಲೂ ಇದೇ ಎಚ್ಚರ ಬೇಕು. ಡಾಸ್‌ಗೆ ಹೆಸರು 8 ಅಕ್ಷರ, ವಿಸ್ತರಣೆ 3. ಉದ್ದ ಹೆಸರಿನ ಎರಡು ಕಡತಗಳಿಗೆ ಮೊದಲ 8 ಅಕ್ಷರ ಒಂದೇ ಆಗಿದ್ದು, ಕತ್ತರಿಸಿ ಒಯ್ದರೆ ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ. ಮೊದಲೇ 8 ಅಕ್ಷರದೊಳಗೆ, ಚಿಕ್ಕಕ್ಷರದಲ್ಲೇ ಹೆಸರಿಡಿ, ಮಾಡ್ಯೂಲ್‌ಗೂ ಅದೇ ಹೆಸರು ಕೊಡಿ. ಲೈಬ್ರರಿ ಡೈರೆಕ್ಟರಿಯಲ್ಲಿ ಮಾಡ್ಯೂಲ್ ಹೆಸರಿನಿಂದಲೇ ಕಡತ ಹುಡುಕುವ ಐಕಾರಸ್ ವೆರಿಲಾಗ್‌ನಂಥ ಸಿಮ್ಯುಲೇಟರ್ ವಿಂಡೋಸ್‌ನಲ್ಲಿ ಸಿಕ್ಕ ಕಡತವನ್ನು ಲಿನಕ್ಸ್‌ನಲ್ಲಿ ಕಾಣದೇ ಹೋಗುವುದು ಬಹುತೇಕ ಈ ಎರಡು ಹೆಸರುಗಳ ಅಕ್ಷರ ಭೇದದ ಕಾರಣಕ್ಕೆ.

ಗಿಟ್ ಎಂಬ ಆವೃತ್ತಿ ನಿರ್ವಹಣಾ ತಂತ್ರಾಂಶದಲ್ಲಿ ಕಡತದ ಹೆಸರನ್ನು ದೊಡ್ಡಕ್ಷರದಿಂದ ಚಿಕ್ಕಕ್ಷರಕ್ಕಷ್ಟೇ ಬದಲಿಸುವಾಗ ಎರಡು ಹೆಜ್ಜೆ ಇಡಿ: ಮೊದಲು ತಾತ್ಕಾಲಿಕ ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ. ಕೊನೆಗೆ ಲಿನಕ್ಸ್‌ನಲ್ಲಿ ಕಡತಪಟ್ಟಿಯನ್ನು ಚಿಕ್ಕಕ್ಷರಕ್ಕೆ ತಿರುಗಿಸಿ, ಸಾರ್ಟ್ ಮಾಡಿ, ಯುನಿಕ್ ಆದೇಶದಿಂದ ಪುನರಾವರ್ತನೆಯಾದ ಸಾಲುಗಳನ್ನಷ್ಟೇ ತೋರಿಸಿಕೊಳ್ಳಿ. ಏನೂ ಬರದಿದ್ದರೆ ಕಡತಗಳನ್ನು ಹಳೆಯ ಯಂತ್ರಕ್ಕೆ ಒಯ್ಯಬಹುದು.