ಎರಡೂ ಕಡೆ ಇದ್ದ ಗೆರೆ

ನಾನು ಮಂಡ್ಯದಲ್ಲಿ ಎಕ್ಸ್‌ರೇ ಓದಲು ಶುರು ಮಾಡಿದ ಹೊಸದು. ಮೂಳೆ ಸ್ವಲ್ಪ ಮಸುಕಾಗಿ ಕಂಡರೆ ‘ಮೂಳೆ ಸವೆದಿದೆ’, ಇಲ್ಲದಿದ್ದರೆ ‘ನಾರ್ಮಲ್’. ಸುಲಭ ಅಲ್ವಾ? ಆದರೆ ಮೂಳೆಯಲ್ಲಿನ ಖನಿಜ ನೂರಕ್ಕೆ 30ರಿಂದ 50ರಷ್ಟು ಕಳೆದುಹೋಗುವವರೆಗೂ ಸಾದಾ ಎಕ್ಸ್‌ರೇಯಲ್ಲಿ ಗೊತ್ತೇ ಆಗುವುದಿಲ್ಲ. ಜೊತೆಗೆ ಡಿಜಿಟಲ್ ಮೆಷಿನ್ ಕಪ್ಪು ಬಿಳುಪನ್ನು ತಾನೇ ತಿದ್ದಿ ಕೊಡುತ್ತದೆ. ಮಸುಕನ್ನು ನಂಬಿದರೆ ಕೆಟ್ಟೆವು.

ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಿದ್ದರು. ಬೆನ್ನುಮೂಳೆಯ ಎಕ್ಸ್‌ರೇ ನೋಡಿ ‘ನಾರ್ಮಲ್’ ಅಂತ ಬರೆದವನು ನಾನೇ. ಮೂರು ತಿಂಗಳಿಗೆ ಮತ್ತೆ ಬಂದರು, ಆ ಕಡೆ ಈ ಕಡೆ ವಾಲುತ್ತಾ.

“ಎಲ್ಲಿ ನೋವಮ್ಮ?”

“ತೊಡೆ ಸಂದೀಲಿ ಸಾ. ಕುಂತ್ರೆ ಏಳಕ್ಕಾಗಾಕಿಲ್ಲ.”

ಮೊದಲ ಸಲ ಇದನ್ನು ಕೇಳಿರಲೇ ಇಲ್ಲ. ಈಗ ಎರಡೂ ಸೊಂಟದ ಕೀಲು ಬರುವ ಹಾಗೆ ಫಿಲ್ಮ್ ತೆಗೆಸಿದೆ. ತೊಡೆಮೂಳೆಯ ಕುತ್ತಿಗೆಯ ಒಳಬದಿಯಲ್ಲಿ, ಅಂಚಿಗೆ ಅಡ್ಡಲಾಗಿ, ಒಂದು ಕಪ್ಪು ಗೆರೆ. ಅರ್ಧಕ್ಕೇ ನಿಂತಿತ್ತು. ಇನ್ನೊಂದು ಕಾಲು ನೋಡಿದರೆ ಅದೇ ಜಾಗದಲ್ಲಿ ಅಂಥದ್ದೇ ಗೆರೆ! ಬಿದ್ದು ಮುರಿದ ಮೂಳೆ ಹೀಗೆ ಜೋಡಿಯಾಗಿ ಮುರಿಯುವುದು ಅಪರೂಪ. ಈ ಗೆರೆಗೆ ಲೂಸರ್ ಝೋನ್ ಅನ್ನುತ್ತಾರೆ, ಆಸ್ಟಿಯೋಮಲೇಶಿಯಾ ಅಂದರೆ ಮೂಳೆ ಮೆತ್ತಗಾಗುವ ಕಾಯಿಲೆಯ ಗುರುತು. ಮೂಳೆ ಸವೆದಿರಲಿಲ್ಲ, ಗಟ್ಟಿಯಾಗದೆ ಮೆತ್ತಗಾಗಿತ್ತು.

ಊಟ ಏನು ಅಂದೆ. ದಿನಾ ಮುದ್ದೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಆದರೆ ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಮೇಲೆ ಚೀಲದಿಂದ ಮಾತ್ರೆ ತೆಗೆದು ತೋರಿಸಿದರು: ಫಿಟ್ಸ್‌ಗೆ ಫೆನಿಟಾಯಿನ್, ಹನ್ನೆರಡು ವರ್ಷದಿಂದ. ವಿಟಮಿನ್ ಡಿಯನ್ನು ಬೇಗ ಖಾಲಿ ಮಾಡುವ ಮಾತ್ರೆ ಅದು. ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಈ ಕಾಯಿಲೆಯಲ್ಲಿ ಏರುವ ಕಿಣ್ವ) ಜಾಸ್ತಿ, ವಿಟಮಿನ್ ಡಿ ತೀರಾ ಕಡಿಮೆ.

ಈಗ ಮಸುಕು ನೋಡುವುದಕ್ಕಿಂತ ಜಾಗ ನೋಡುತ್ತೇನೆ. ಮಕ್ಕಳಾದರೆ ಮಣಿಕಟ್ಟು, ಮಂಡಿ. ರಿಕೆಟ್ಸ್ (ಮಕ್ಕಳಲ್ಲಿ ಮೂಳೆ ಮೆತ್ತಗಾಗುವ ಕಾಯಿಲೆ) ಇದ್ದರೆ ಮೂಳೆಯ ತುದಿ ಬಟ್ಟಲಿನಂತೆ ತಗ್ಗಿ, ಅಂಚು ಹಳೇ ಸೆರಗಿನ ಹಾಗೆ ಎಳೆ ಎಳೆ ಆಗಿರುತ್ತದೆ. ಡಯಾಲಿಸಿಸ್‌ನವರಾದರೆ ಕೈ ಫಿಲ್ಮ್ ಕೇಳುತ್ತೇನೆ. ತೋರುಬೆರಳು, ನಡುಬೆರಳು ಎರಡರಲ್ಲೂ ಇರುವ ಮೂರು ಮೂಳೆಗಳ ಪೈಕಿ ಮಧ್ಯದ್ದನ್ನು ಹೆಬ್ಬೆರಳ ಕಡೆಯಿಂದ ಇಲಿ ಕಡಿದ ಹಾಗಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಮಾಡಿಸಲೇಬೇಕು.

ಚಿಕಿತ್ಸೆ ಶುರುವಾಗಿ ಆರು ತಿಂಗಳ ಮೇಲೆ ತೆಗೆದ ಫಿಲ್ಮಿನಲ್ಲಿ ಆ ಹೆಂಗಸಿನ ಎರಡೂ ಗೆರೆ ತುಂಬಿಕೊಂಡಿದ್ದವು. ಹಳೇ ‘ನಾರ್ಮಲ್’ ರಿಪೋರ್ಟ್ ಅವರ ಚೀಲದಲ್ಲಿ ಇನ್ನೂ ಇತ್ತು, ಕೆಳಗೆ ನನ್ನ ಸಹಿ.