ಸಿಂಹ ಬೇಡ, ಸುತ್ತಿಗೆಯೂ ಬೇಡ: ರೋಮನ್ ವಿಚಾರಣೆಯನ್ನು ನಾಟಕ ಮಾಡುವ ಬಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಓಣಿಯ ಚರ್ಚಿನ ಹುಡುಗರು ಹೋದ ವರ್ಷ ಮನೆಗೆ ಬಂದರು. "ಆಂಟಿ, ನೀವು ಕೋರ್ಟಿನಲ್ಲಿ ಇದ್ದವರು. ನಮ್ಮ ನಾಟಕದಲ್ಲಿ ಒಂದು ವಿಚಾರಣೆ ಇದೆ, ಸ್ವಲ್ಪ ನೋಡಿ" ಅಂದರು. ನಾನು ಅವರ ಮತದವಳಲ್ಲ. ಆದರೆ 29 ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು. ಹೋಗಿ ನೋಡಿದರೆ, ಜಡ್ಜ್ ಬಯಲಾಟದ ದುರ್ಯೋಧನನ ಹಾಗೆ ಮೀಸೆ ತಿರುವಿ ಗರ್ಜಿಸುತ್ತಿದ್ದ. ಕೈಯಲ್ಲಿ ಮರದ ಸುತ್ತಿಗೆ. ಹಿಂದೆ ಥರ್ಮೋಕೋಲಿನ ಸಿಂಹ. ಮುಂದಿನ ಸಾಲಿನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ನಾವು ಮೊದಲಿಂದ ಕಟ್ಟಿದೆವು. ಹೇಗೆ ಕಟ್ಟಿದೆವು ಅಂತ ಬರೆಯುತ್ತೇನೆ. ನಿಮ್ಮ ಊರಲ್ಲೂ ಯಾರಾದರೂ ಮಾಡುವುದಿದ್ದರೆ ಉಪಯೋಗಕ್ಕೆ ಬರುತ್ತದೆ.

ಮೊದಲು ಫೈಲ್ ಆರಿಸಿ. ಸುಮ್ನೆ "ರೋಮನ್ನರು ಕ್ರೈಸ್ತರನ್ನು ಹಿಂಸಿಸಿದರು" ಅಂತ ಶುರು ಮಾಡಿದರೆ ನಾಟಕ ಎಲ್ಲಿಗೂ ಹೋಗುವುದಿಲ್ಲ. ನಾವು ಆರಿಸಿದ್ದು ಕ್ರಿ.ಶ. 180ರ ಜುಲೈ 17ರ ಕೇಸು. ಊರು ಕಾರ್ತೇಜ್, ಈಗಿನ ಟ್ಯುನೀಷಿಯಾ. ವಿಚಾರಣೆ ಮಾಡಿದವನು ಪ್ರಾಂತ್ಯದ ಅಧಿಕಾರಿ ಸಾಟರ್ನಿನಸ್. ಕಟಕಟೆಯಲ್ಲಿ ಸ್ಪೆರಾಟಸ್, ನಾರ್ಟ್ಸಾಲಸ್, ಕಿಟ್ಟಿನಸ್ ಅನ್ನುವ ಗಂಡಸರು. ಡೊನಾಟಾ, ಸೆಕುಂಡಾ, ವೆಸ್ಟಿಯಾ ಅನ್ನುವ ಹೆಂಗಸರು. ಸ್ಕಿಲ್ಲಿ ಅನ್ನುವ ಊರಿನ ಹೆಸರಿಂದ ಸ್ಕಿಲ್ಲಿಯವರು ಅಂತ ಇವರನ್ನು ಕರೆಯುತ್ತಾರೆ. ಇದರ ದಾಖಲೆ ಲ್ಯಾಟಿನ್‌ನಲ್ಲಿ ಉಳಿದಿದೆ, ಎರಡು ಪುಟಕ್ಕಿಂತ ಜಾಸ್ತಿ ಇಲ್ಲ. ಓದಿದ ಕೂಡಲೇ ನನಗೆ ಗುರುತು ಸಿಕ್ಕಿತು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಯಾರು ಅತ್ತರು, ಯಾರು ನಡುಗಿದರು ಅಂತ ಒಂದು ಸಾಲೂ ಇಲ್ಲ. ಹೇಳಿಕೆ ಬರೆದುಕೊಳ್ಳುವವರ ಕೈ ಅದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡು ಕೇಸಿನ ಕಾಗದ ಒಂದೇ ಫೈಲಿಗೆ ಹಾಕಬೇಡಿ. ಹುಡುಗರಿಗೆ ಚಕ್ರವರ್ತಿಯ ಮೂರ್ತಿ ಮುಂದೆ ಧೂಪ ಹಾಕಿಸುವ ದೃಶ್ಯ ಬೇಕಿತ್ತು. ಅದು ಕಾರ್ತೇಜಿನ ದಾಖಲೆಯಲ್ಲಿಲ್ಲ. ಅದು ಈ ಕೇಸಿಗಿಂತ ಸುಮಾರು 70 ವರ್ಷ ಹಿಂದಿನದು, ಈಗಿನ ಟರ್ಕಿಯ ಉತ್ತರ ಭಾಗದ್ದು. ಅಲ್ಲಿಯ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದಿದ್ದ. "ನೀನು ಕ್ರೈಸ್ತನಾ?" ಅಂತ ಕೇಳುತ್ತೇನೆ, ಹೌದು ಅಂದವರಿಗೆ ಶಿಕ್ಷೆಯ ಬೆದರಿಕೆ ಹಾಕಿ ಮತ್ತೆ ಎರಡು ಸಲ ಕೇಳುತ್ತೇನೆ, ಆಗಲೂ ಹೌದು ಅಂದರೆ ಕೊಲ್ಲಿಸುತ್ತೇನೆ, ಅಲ್ಲ ಅಂದವರು ನಿಮ್ಮ ಮೂರ್ತಿಗೆ ಧೂಪ, ದ್ರಾಕ್ಷಾರಸ ಇಟ್ಟು ಕ್ರಿಸ್ತನನ್ನು ಬೈದರೆ ಬಿಡುತ್ತೇನೆ, ಅಂತ. ಬರೆದವರ ಹೆಸರಿಲ್ಲದ ಪಟ್ಟಿಯೊಂದು ಬಂದಿದೆ ಅಂತಲೂ ಬರೆದಿದ್ದ. ಟ್ರಾಜನ್ ಉತ್ತರ ಚಿಕ್ಕದು. ಹುಡುಕಿಕೊಂಡು ಹೋಗಬೇಡ. ಯಾರಾದರೂ ದೂರು ಕೊಟ್ಟು ಸಾಬೀತಾದರೆ ಶಿಕ್ಷಿಸು. ದೇವರುಗಳಿಗೆ ಕೈಮುಗಿದವನನ್ನು ಬಿಡು. ಹೆಸರಿಲ್ಲದ ಅರ್ಜಿ ತೆಗೆದುಕೊಳ್ಳಲೇಬೇಡ.

ಮೂಗರ್ಜಿ ಬೇಡ ಅಂದನಲ್ಲ ಅಂತ ನನಗೆ ಮೊದಲು ಖುಷಿಯಾಯಿತು. ಆಮೇಲೆ ಯೋಚನೆ ಬಂತು. ತಪ್ಪು ಮಾಡಿದವರಾದರೆ ಯಾಕೆ ಹುಡುಕಬಾರದು? ಮಾಡದವರಾದರೆ ಯಾಕೆ ಕೊಲ್ಲಬೇಕು? ಇದನ್ನೇ ಕಾರ್ತೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ 197ರ ಹೊತ್ತಿಗೆ ಕೇಳಿದ್ದಾನೆ, ನನಗಿಂತ ಚೂಪಾಗಿ. ಈ ಪತ್ರ ವ್ಯವಹಾರವನ್ನು ನಾವು ನಾಟಕದ ಮೊದಲಿಗೆ ಇಟ್ಟೆವು. ಇಬ್ಬರು ಎರಡು ಮೂಲೆಯಲ್ಲಿ ನಿಂತು ಓದುತ್ತಾರೆ. ನಾಲ್ಕು ನಿಮಿಷ. ಧೂಪಕ್ಕೆ ಅಂಗಡಿಯ ಲೋಬಾನ ಸಾಕು, ಆದರೆ ಫ್ಯಾನ್ ಆರಿಸಿ. ನಾವು ಮರೆತೆವು. ಬೂದಿಯೆಲ್ಲ ಟ್ರಾಜನ್ ಮುಖಕ್ಕೆ ಹಾರಿತು.

ರಂಗಕ್ಕೆ ಜಾಸ್ತಿ ಖರ್ಚು ಬೇಡ. ಕಾರ್ತೇಜಿನ ವಿಚಾರಣೆ ನಡೆದಿದ್ದು ಬಯಲಲ್ಲಲ್ಲ, ಅಧಿಕಾರಿಯ ಕಚೇರಿ ಕೋಣೆಯಲ್ಲಿ. ಒಂದು ಎತ್ತರದ ಕುರ್ಚಿ, ಪಕ್ಕದಲ್ಲಿ ಬರೆಯುವವನಿಗೆ ಸ್ಟೂಲು. ಉಡುಪಿಗೆ ಬಿಳಿ ಪಂಚೆ ಸಾಕು, ಅಧಿಕಾರಿಗೆ ಮಾತ್ರ ಅಂಚಿಗೆ ನೇರಳೆ ಪಟ್ಟಿ. ಜೀನ್ಸ್ ಹೊಲಿಯುವ ಊರಲ್ಲಿ ಪಟ್ಟಿ ಹೊಲಿಯುವವರಿಗೇನು ಬರವೇ? ತೀರ್ಪು ಓದುವುದು ಹಲಗೆಯಿಂದ, ಅದಕ್ಕೆ ಮಕ್ಕಳ ಸ್ಲೇಟು ಇಟ್ಟೆವು. ಸುತ್ತಿಗೆ ತೆಗೆದುಹಾಕಿ. ನಾನು ಕೆಲಸ ಮಾಡಿದ ಒಂದು ಕೋರ್ಟಿನಲ್ಲೂ ಅದನ್ನು ನೋಡಿಲ್ಲ, ಅದೆಲ್ಲ ಸಿನಿಮಾದ್ದು. ಸಿಂಹವನ್ನೂ ತೆಗೆಯಿರಿ. ಇವರು ಸತ್ತದ್ದು ಕತ್ತಿಯಿಂದ.

ಒಂದು ಡಬ್ಬ ಮಾತ್ರ ಮರೆಯಬೇಡಿ. "ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?" ಅಂತ ಸಾಟರ್ನಿನಸ್ ಕೇಳುತ್ತಾನೆ. "ಪುಸ್ತಕಗಳು, ಮತ್ತೆ ಪೌಲ ಅನ್ನುವ ನೀತಿವಂತನ ಪತ್ರಗಳು" ಅನ್ನುತ್ತಾನೆ ಸ್ಪೆರಾಟಸ್. ನಾವು ಬೇಕರಿಯ ಹಳೇ ಟಿನ್ನಿಗೆ ಗೋಣಿ ಸುತ್ತಿದೆವು.

ಈಗ ಜಡ್ಜ್. ಪೂರ್ತಿ ನಾಟಕ ನಿಲ್ಲುವುದು ಇವನ ಮೇಲೆ. ಅವನಿಂದ ಕೂಗಾಡಿಸಬೇಡಿ. ದಾಖಲೆ ಓದಿ ನೋಡಿ, ಅವನ ಮೊದಲ ಮಾತೇ "ಬುದ್ಧಿ ತಂದುಕೊಂಡರೆ ಚಕ್ರವರ್ತಿಯ ಕ್ಷಮೆ ಸಿಗುತ್ತದೆ" ಅಂತ. ನಾವೂ ದೈವಭಕ್ತರೇ, ನಮ್ಮ ಧರ್ಮ ಸರಳ ಅಂತ ವಾದ ಮಾಡುತ್ತಾನೆ. ಕಳ್ಳತನ ಮಾಡಿಲ್ಲ, ಕೊಂಡದ್ದಕ್ಕೆ ತೆರಿಗೆ ಕಟ್ಟುತ್ತೇನೆ ಅಂತ ಸ್ಪೆರಾಟಸ್ ಹೇಳುತ್ತಾನೆ. ಅದಕ್ಕೆ ಅಡ್ಡ ಪ್ರಶ್ನೆ ಒಂದೂ ಇಲ್ಲ! ನಮ್ಮಲ್ಲಿ ಆರೋಪ ಓದಿ, ಒಪ್ಪುತ್ತೀಯಾ ಅಂತ ಕೇಳಿ, ಆಮೇಲೆ ಸಾಕ್ಷಿ ಕರೆಯುತ್ತಾರೆ. ಇಲ್ಲಿ ಸಾಕ್ಷಿಯೇ ಬೇಕಾಗಿಲ್ಲ. "ನಾನು ಕ್ರೈಸ್ತಳು" ಅಂತ ವೆಸ್ಟಿಯಾ ಅಂದಳು, ಅಷ್ಟೇ. "ನಾನು ಏನಾಗಿದ್ದೇನೋ ಅದೇ ಆಗಿರಬೇಕು" ಅಂದಳು ಸೆಕುಂಡಾ.

ಜಡ್ಜ್ ಪಾತ್ರದ ಹುಡುಗನಿಗೆ ನಾನು ಕೊಟ್ಟ ಅಭ್ಯಾಸ ಹೀಗಿತ್ತು. ಮಧ್ಯಾಹ್ನ ಊಟಕ್ಕೆ ಮುಂಚಿನ ಕೊನೆಯ ಕೇಸು ಇದು ಅಂದುಕೋ. ಹೊರಗೆ ಬಳ್ಳಾರಿಯ ಮೇ ತಿಂಗಳ ಬಿಸಿಲು. ನಿನಗೆ ಇವರ ಮೇಲೆ ಸಿಟ್ಟಿಲ್ಲ. ಇವರು ಒಂದು ಮಾತು ಹೇಳಿಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದು. ಮೂರನೇ ರಿಹರ್ಸಲ್‌ಗೆ ಅವನ ದನಿ ಇಳಿಯಿತು. ಅವತ್ತು ಯಾರೂ ನಗಲಿಲ್ಲ. ವಕೀಲಿಕೆ ಮಾಡುತ್ತಲೇ ನಟಿಸಿದ ಬಳ್ಳಾರಿ ರಾಘವರ ಊರು ಇದು. ಕೋರ್ಟಿಗೂ ರಂಗಕ್ಕೂ ದೂರ ಜಾಸ್ತಿ ಇಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾತು ಸೇರಿಸಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೇಳಿಕೆಯಲ್ಲಿ "ಇಲ್ಲ" ಅನ್ನುವ ಪದ ಬಿಟ್ಟಿದ್ದೆ. ಓದಿ ಹೇಳುವಾಗ ಸಾಕ್ಷಿಯೇ ತಡೆದಳು, ವಯಸ್ಸಾದ ಹೆಂಗಸು, ಓದು ಬಾರದವಳು. ಅವತ್ತಿನಿಂದ ಹೆಚ್ಚು ಕಡಿಮೆ ಬರೆಯಲು ಕೈ ನಡುಗುತ್ತದೆ. ಡೊನಾಟಾಗೆ ಎರಡು ಪುಟದ ಭಾಷಣ ಬರೆದಿದ್ದರು. ಹೊಡೆದು ಹಾಕಿದೆ. ಅವಳದು ಒಂದೇ ಮಾತು: ಸೀಸರನಿಗೆ (ಅಂದರೆ ಚಕ್ರವರ್ತಿಗೆ) ಸೀಸರನ ಗೌರವ, ಭಯ ದೇವರಿಗೆ ಮಾತ್ರ.

ಸಮಯ ಕೊಡಬೇಕಾದದ್ದು ಕೊನೆಗೆ. ಸಾಟರ್ನಿನಸ್ "30 ದಿನ ತೆಗೆದುಕೊಳ್ಳಿ, ಯೋಚನೆ ಮಾಡಿ" ಅನ್ನುತ್ತಾನೆ. ಇಲ್ಲಿ ನಿಲ್ಲಿಸಿ. ಮನಸ್ಸಿನಲ್ಲೇ ಹತ್ತು ಎಣಿಸಲಿ. ವಾಯಿದೆ ಸಿಕ್ಕರೆ ಬೇಡ ಅಂದ ಕಕ್ಷಿದಾರನನ್ನು ನಾನು ಕಂಡಿಲ್ಲ. ಸ್ಪೆರಾಟಸ್ ಮತ್ತೆ "ನಾನು ಕ್ರೈಸ್ತ" ಅನ್ನುತ್ತಾನೆ, ಉಳಿದವರೂ ಒಪ್ಪುತ್ತಾರೆ. ಜಡ್ಜ್ ಸ್ಲೇಟು ನೋಡಿಕೊಂಡು ತೀರ್ಪು ಓದಲಿ, ಅವರ ಮುಖ ನೋಡದೆ.

ಆಮೇಲೆ ಡಂಗುರದವನು ಹೆಸರು ಕೂಗುತ್ತಾನೆ. ಹೆಸರು ಹನ್ನೆರಡು, ಮಾತಾಡಿದವರು ಆರೇ ಜನ. ಉಳಿದ ಆರು ಹೆಸರಿಗೆ ನಾವು ಸಭೆಯೊಳಗೇ ಜನರನ್ನು ಕೂರಿಸಿದ್ದೆವು. ಹೆಸರು ಕೂಗಿದಾಗ ಒಬ್ಬೊಬ್ಬರೇ ಎದ್ದು ಹೋಗಿ ನಿಂತರು. ನಮ್ಮ ಕೋರ್ಟಿನ ಅಟೆಂಡರ್ ಕೂಗುವ ಧಾಟಿಯಲ್ಲೇ ಕೂಗಿಸಿ, ಉದ್ದಕ್ಕೆ ಎಳೆದು. ಎಲ್ಲರೂ ಸೇರಿ "ದೇವರಿಗೆ ಸ್ತೋತ್ರ" ಅಂದ ಮೇಲೆ ಸಾಲಾಗಿ ಹೊರಗೆ ನಡೆಯಲಿ. ಕತ್ತಿ ತೋರಿಸಬೇಡಿ. ಡಬ್ಬ ರಂಗದ ಮೇಲೇ ಇರಲಿ. ಬರೆಯುವವನು ಸ್ಲೇಟು ಒರೆಸಿ, ಸ್ಟೂಲು ಎತ್ತಿಕೊಂಡು ಹೋದ ಮೇಲೆ ದೀಪ ಆರಿಸಿ.